ಹೊಚ್ಚಿಟ್ಟ ಬಿಸಿ

ನಮ್ಮೂರಿನಲ್ಲಿ ಅನ್ನ ಕೊತಕೊತ ಕುದಿಯುವುದನ್ನು ಕಣ್ಣು ತುಂಬ ನೋಡಿದವರು ಕಡಿಮೆ. ಒಂದು ಕುದಿ ಬಂದಿತೋ ಇಲ್ಲವೋ, ಗಡಿಗೆಯನ್ನು ಇಳಿಸಿ ಹುಲ್ಲು ತುಂಬಿದ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಕೌದಿ ಹೊಚ್ಚಿ, ಒಲೆ ಆರಿಸಿಬಿಡುವುದು. ಮಿಕ್ಕದ್ದನ್ನು ಗಡಿಗೆ ತನ್ನೊಳಗಿನ ಬಿಸಿಯಲ್ಲೇ ಬೇಯಿಸಿಕೊಳ್ಳುತ್ತದೆ. ಹೊರಗಿನವರು ನಮ್ಮದನ್ನು ತಂಗಳು ಉಣ್ಣುವ ಊರು ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಒಲೆಯ ಬಾಯಿಗೆ ಅಂಗೈ ಹಿಡಿದಾಗ ಹತ್ತುವ ಉರಿ ಎಲ್ಲಿಂದ ಬರುತ್ತದೆ ಎಂಬುದು ಹಿಡಿದವಳಿಗೆ ಮಾತ್ರ ಗೊತ್ತು. ಮೊದಲು ಬೆರಳ ತುದಿ ತಣ್ಣಗಾಗುತ್ತದೆ, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈ. ಒಲೆ ಉರಿಯುವಷ್ಟು ಹೊತ್ತೂ ಹತ್ತಿಸಿದವಳ ಮೈಯಿಂದ ಬಿಸಿ ಇಳಿಯುತ್ತಲೇ ಇರುತ್ತದೆ. ಪಕ್ಕದಲ್ಲಿ ಕುಳಿತು ರೊಟ್ಟಿ ಬೇಯಿಸುವವಳಿಗೆ ಏನೂ ಆಗುವುದಿಲ್ಲ. ಕಟ್ಟಿಗೆ ಇಡುವುದು ಉರಿಗೆ ಕೂಡಲು ಒಂದು ಜಾಗ ಬೇಕಲ್ಲ ಎಂದು, ಅಷ್ಟೇ.

ಹೋದ ಬಿಸಿಯನ್ನು ಬಿಸಿಲಿನಿಂದ ತುಂಬಿಕೊಳ್ಳಬೇಕು. ಅದಕ್ಕೆಂದೇ ಓಣಿಯ ತಲೆಗೆ ಒಂದು ಬಿಸಿಲುಕಟ್ಟೆ ಇತ್ತು. ಅಡುಗೆ ಮುಗಿಸಿದವರು ಅಲ್ಲಿ ಹೋಗಿ ಬೆನ್ನು ಕೊಟ್ಟು ಕೂಡುತ್ತಿದ್ದರು. ಅಲ್ಲಿ ದೊಡ್ಡವರು ಚಿಕ್ಕವರು ಎಂಬ ಮಾತಿಲ್ಲ. ಆವತ್ತು ಒಲೆ ಹತ್ತಿಸಿದವರು ಬಂದರೆ ಗೌಡನೇ ಕುಳಿತಿದ್ದರೂ ಎದ್ದು ಜಾಗ ಬಿಡಬೇಕು. ಆದರೆ ಬಿಸಿಲು ಎಲ್ಲವನ್ನೂ ತಿರುಗಿ ಕೊಡುವುದಿಲ್ಲ. ವರ್ಷಕ್ಕಿಷ್ಟು ಎಂದು ಹೋದದ್ದು ಹೋದದ್ದೇ. ನಮ್ಮ ಓಣಿಯ ಮುದುಕಿಯರ ಕೈ ಮುಟ್ಟಿದರೆ ಬಾವಿಯ ಒಳಗೋಡೆ ಮುಟ್ಟಿದ ಹಾಗಾಗುತ್ತಿತ್ತು. ಕೊನೆಗೊಂದು ದಿನ ಎಷ್ಟು ಹೊತ್ತು ಅಂಗೈ ಹಿಡಿದರೂ ಒಲೆ ಹತ್ತುವುದಿಲ್ಲ. ಆಗ ಅತ್ತೆ ಪಕ್ಕಕ್ಕೆ ಸರಿಯುತ್ತಾಳೆ, ಸೊಸೆ ಮುಂದೆ ಬಂದು ಕೂಡುತ್ತಾಳೆ.

ನಮ್ಮ ಅತ್ತೆ ತುಂಗವ್ವ ಬಿಸಿ ಉಳಿಸುವ ವಿದ್ಯೆಯಲ್ಲಿ ಇಡೀ ಓಣಿಗೇ ಹಿರಿಯಳು. ನೆನೆದ ಬೇಳೆಯನ್ನು ಬೆರಳಲ್ಲಿ ಹಿಚುಕಿ ನೋಡಿ, ಇದಕ್ಕೆ ಒಂದು ಕುದಿ ಸಾಕು, ಇದು ಹಳೆಯ ಬೇಳೆ, ಇದಕ್ಕೆ ಇನ್ನೊಂದು ಬೇಕು ಎಂದು ಹೇಳಿಬಿಡುವಳು. ಅನ್ನದ ಗಡಿಗೆಗೆ ಮುಚ್ಚಳದ ಬದಲು ನೀರಿನ ತಂಬಿಗೆ ಕೂರಿಸಿದರೆ ಅನ್ನದ ಹಬೆಗೇ ನೀರು ಕಾಯುತ್ತದೆ ಎಂದು ಎಲ್ಲರಿಗೂ ತೋರಿಸಿಕೊಟ್ಟವಳು ಅವಳು. ರೊಟ್ಟಿಯ ಪಾಳಿ ಹಚ್ಚಿದವಳೂ ಅವಳೇ. ಒಂದು ದಿನ ಒಂದು ಮನೆಯ ಒಲೆ. ಹಂಚು ಕಾದಿತೆಂದರೆ ಓಣಿಯ ಹೆಂಗಸರೆಲ್ಲ ಹಿಟ್ಟಿನ ಪರಾತ ಹಿಡಿದು ಅಲ್ಲಿಗೆ ಬರಬೇಕು. ಒಬ್ಬಳು ತಟ್ಟುತ್ತಿದ್ದರೆ ಇನ್ನೊಬ್ಬಳು ಬೇಯಿಸಬೇಕು. ಹಂಚು ಖಾಲಿ ಕೂಡಬಾರದು. ಕೊನೆಯ ನಾಲ್ಕಾರು ರೊಟ್ಟಿ ಇರುವಾಗಲೇ ಉರಿಯನ್ನು ಎಳೆದುಬಿಡಬೇಕು, ಅವು ಹಂಚಿನ ಬಿಸಿಗೇ ಬೇಯಬೇಕು. ಯಾರಾದರೂ ಹರಟೆ ಹೊಡೆಯುತ್ತ ಹಂಚನ್ನು ಮರೆತರೆ ಅತ್ತೆ ಬಯ್ಯುತ್ತಿರಲಿಲ್ಲ. ಒಲೆ ಹತ್ತಿಸಿದವಳ ಕೈಯನ್ನು ಎತ್ತಿ ಹರಟೆಯವಳ ಕೆನ್ನೆಗೆ ಇಡುವಳು. ಅಷ್ಟೇ ಸಾಕಾಗುತ್ತಿತ್ತು. “ಕಟ್ಟಿಗಿ ಹ್ವಾದ್ರ ಅಡವ್ಯಾಗ ಸಿಗತಾವು. ಮೈ ಹ್ವಾದ್ರ ಯಾವ ಸಂತ್ಯಾಗ ತರ್ತಿ?” ಎನ್ನುವಳು.

ಅವಳ ಎಲ್ಲ ಪಾಠಗಳಿಗೂ ಮೇಲಿನದು ಒಂದಿತ್ತು. ಹೊಚ್ಚಿದ್ದನ್ನು ತೆಗೆಯಬಾರದು. ಬುಟ್ಟಿಯೊಳಗೆ ಗಡಿಗೆ ಇಟ್ಟ ಮೇಲೆ, ಬೆಂದಿದೆಯೋ ಇಲ್ಲವೋ ಎಂದು ಜೀವ ಎಷ್ಟು ಚಡಪಡಿಸಿದರೂ ಕೌದಿಗೆ ಕೈ ಹಚ್ಚಬಾರದು. ತೆಗೆದವರು ತಮ್ಮ ಕೈಯಿಂದ ಮತ್ತೆ ಒಲೆ ಹತ್ತಿಸಬೇಕು. ನಾನು ಈ ಮನೆಗೆ ಬಂದ ಹೊಸದರಲ್ಲಿ ಒಮ್ಮೆ ಕೌದಿಯ ಅಂಚು ಎತ್ತಿದ್ದೆ. ಅತ್ತೆ ಬಂದು ನನ್ನ ಕೈ ಮೇಲೆ ಕೈ ಇಟ್ಟಳು. ಆ ತಣ್ಣನೆಯ ಕೈಯ ನೆನಪಿಗೆ ಮತ್ತೆಂದೂ ನಾನು ಎತ್ತಲಿಲ್ಲ. ಅವಳು ತಾನು ಮಾತ್ರ ಕೌದಿಯ ಕೆಳಗೆ ಹುಲ್ಲಿನೊಳಕ್ಕೆ ಎರಡು ಬೆರಳು ತೂರಿಸಿ, ಹುಲ್ಲು ಎಷ್ಟು ಬೆಚ್ಚಗಿದೆ ಎಂಬುದರ ಮೇಲೆ ಒಳಗಿನ ಅನ್ನದ ಹದ ಹೇಳುತ್ತಿದ್ದಳು. ತಪ್ಪುತ್ತಿರಲಿಲ್ಲ.

ನಮ್ಮೂರಿನಲ್ಲಿ ಕುಂಬಾರರಿಲ್ಲ. ಗಡಿಗೆ ಸುಡುವ ಆವಿಗೆ ಹತ್ತಿಸುವಷ್ಟು ಬಿಸಿ ಯಾರ ಮೈಯಲ್ಲಿದೆ? ಹಳ್ಳದ ಆಚೆಯ ಊರಿನಿಂದ ಕುಂಬಾರ ನೀಲಪ್ಪ ಬಂಡಿಯಲ್ಲಿ ಗಡಿಗೆ ತಂದು ಬಿಸಿಲುಕಟ್ಟೆಯ ಹತ್ತಿರ ಇಳಿಸುತ್ತಿದ್ದ. ಅವನ ಊರಿನಲ್ಲಿ ಬೆಂಕಿ ಎಂದರೆ ಬೆಂಕಿಯೇ. ಕಟ್ಟಿಗೆ ಇದ್ದರೆ ಉರಿಯುತ್ತದೆ, ಮುಗಿದರೆ ಆರುತ್ತದೆ. ನಮ್ಮ ಮಾತನ್ನು ಅವನು ನಂಬುತ್ತಿರಲಿಲ್ಲ. ನಮ್ಮಲ್ಲಿ ಅವನು ಎಂದೂ ಒಲೆ ಹತ್ತಿಸಿದವನಲ್ಲ, ಬುತ್ತಿ ಬಿಚ್ಚಿ ಉಂಡು ಹೋಗುವವನು. “ಜಿಪುಣತನಕ್ಕ ಒಂದು ಚೆಂದದ ಕತಿ ಕಟ್ಟೀರಿ ಬಿಡ್ರಿ,” ಎಂದು ನಗುತ್ತಿದ್ದ. ನನ್ನ ಮೈದುನ ಫಕೀರಪ್ಪ ಗಡಿಗೆ ತರುವ ನೆವದಲ್ಲಿ ಒಂದೆರಡು ಸಲ ಹಳ್ಳ ದಾಟಿ ಹೋಗಿಬಂದ. ಆಮೇಲೆ ನೆವವಿಲ್ಲದೆಯೂ ಹೋದ. ಕೊನೆಗೆ ನೀಲಪ್ಪನ ಮಗಳು ಕಸ್ತೂರಿ ನಮ್ಮ ಮನೆಯ ಚಿಕ್ಕ ಸೊಸೆಯಾಗಿ ಬಂದಳು.

ತಾಯಿಯಿಲ್ಲದ ಹುಡುಗಿ. ಆವಿಗೆಯ ಮಗ್ಗುಲಲ್ಲೇ ತೊಟ್ಟಿಲು ಕಟ್ಟಿ ಬೆಳೆಸಿದ್ದನಂತೆ ಅಪ್ಪ. ಬೆಂಕಿಯ ವಿಷಯದಲ್ಲಿ ಅವಳಿಗೆ ಕೈ ಹಿಡಿತವೆಂಬುದೇ ಗೊತ್ತಿರಲಿಲ್ಲ. ಬಂದ ವಾರದಲ್ಲೇ ಬುಟ್ಟಿಯ ಕೌದಿ ಎತ್ತಿ, ಮುಚ್ಚಳ ತೆಗೆದು, ಸೌಟು ಹಾಕಿ ತಿರುವಿ, ಮೂಸಿ, ಒಂದು ಅಗುಳು ಬಾಯಿಗೆ ಹಾಕಿಕೊಂಡು ನೋಡಿದಳು. ರೊಟ್ಟಿಗೆಂದು ಬಂದಿದ್ದ ಎದುರುಮನೆಯ ಗದಿಗೆವ್ವ ಪರಾತ ಹಿಡಿದು ಅಲ್ಲೇ ನಿಂತುಬಿಟ್ಟಳು. “ತುಂಗಕ್ಕಾ, ನಿನ್ನ ಸೊಸಿ ಬುಟ್ಟಿ ತೆಗದಾಳ ನೋಡ. ಇನ್ನ ಓಣಿಗೆ ಯಾರು ಪಾಠ ಹೇಳವ್ರು?” ಎಂದಳು. ಕಸ್ತೂರಿ ತಿರುಗಿ, “ಉಪ್ಪು ಐತಿಲ್ಲ ನೋಡಬಾರದೇನ್ರಿ? ಮನಿಮಂದಿ ಉಣ್ಣೂದು, ದನ ಅಲ್ಲ,” ಎಂದಳು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಕಸ್ತೂರಿಯ ಹತ್ತಿರ ಹೋಗಿ ಅವಳ ಕೈ ಮೇಲೆ ಕೈ ಇಟ್ಟಳು, ನನಗೆ ಮಾಡಿದ ಹಾಗೆಯೇ. ಆ ಹುಡುಗಿ ಕೈ ಎಳೆದುಕೊಳ್ಳುವ ಬದಲು ಅತ್ತೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ತಿಕ್ಕತೊಡಗಿದಳು. “ಏನತ್ತೀ ಇಷ್ಟು ತಣ್ಣಗ? ಒಂದೀಟು ಬಿಸಿನೀರು ಕಾಸಲೇನು?” ಎಂದು ಕೇಳಿದಳು. ಅತ್ತೆಗೆ ನಗು ಬಂತು. ನಮ್ಮಲ್ಲಿ ಹಾಗೆ ಕೇಳುವವರಿಲ್ಲ. ಒಬ್ಬರ ಮೈಯ ಬಿಸಿ ಇನ್ನೊಬ್ಬರಿಗೆ ಹತ್ತುವುದಿಲ್ಲ, ಹೊಟ್ಟೆಯೊಳಗಿನ ಕೂಸಿಗೂ ಮೊಲೆ ಕಚ್ಚಿದ ಕೂಸಿಗೂ ಬಿಟ್ಟು. ಬೇರೆಯವರ ಒಲೆ ಎಷ್ಟು ಕಾಯಿಸಿದರೂ ತೊಗಲು ಬೆಚ್ಚಗಾದೀತು, ಒಳಗೆ ಇಳಿಯದು. ತಿಕ್ಕಿಸಿಕೊಂಡರೆ ಏನೂ ಬರುವುದಿಲ್ಲ ಎಂದು ಗೊತ್ತಿದ್ದೂ ಅತ್ತೆ ಬಹಳ ಹೊತ್ತು ಕೈಯನ್ನು ಅವಳ ಕೈಯಲ್ಲೇ ಬಿಟ್ಟಿದ್ದಳು.

ಒಂದು ಹಬ್ಬಕ್ಕೆ ಕಸ್ತೂರಿ ಹೋಳಿಗೆ ಮಾಡಿದಳು. ನಮ್ಮಲ್ಲಿ ಹೋಳಿಗೆಯನ್ನು ಎಲ್ಲ ಬೇಯಿಸಿ, ಪೇರಿಸಿ, ಹೊಚ್ಚಿಟ್ಟು, ಒಲೆ ಆರಿಸಿ, ಆಮೇಲೆ ಎಲೆ ಹಾಕುವುದು. ಅವಳು ಮಾತ್ರ ಉರಿ ಎಳೆಯಲಿಲ್ಲ. ಅತ್ತೆಯನ್ನು ಒಲೆಯ ಎದುರೇ ಕೂರಿಸಿ, ಹಂಚಿನಿಂದ ಎತ್ತಿದ್ದನ್ನು ಎತ್ತಿದ ಹಾಗೆಯೇ ಎಲೆಗೆ ಹಾಕಿ, ಮೇಲೆ ತುಪ್ಪ ಸುರಿದಳು. ತುಪ್ಪ ಚುರ್ ಎಂದಿತು. ಅತ್ತೆ ಒಂದು ತುಂಡು ಮುರಿದು ಬಾಯಿಗೆ ಇಟ್ಟುಕೊಂಡು, ಸುಟ್ಟು, ಬಾಯಿ ತೆರೆದು, ಕಣ್ಣಲ್ಲಿ ನೀರು ತಂದುಕೊಂಡಳು. “ಬಾಳವ್ವಾ,” ಎಂದು ನನ್ನ ಕಡೆ ತಿರುಗಿ, “ಹೋಳಿಗಿ ಅಂದ್ರ ಇದೇನವಾ? ಮತ್ತ ನಾ ಇಷ್ಟು ದಿನ ಉಂಡದ್ದು ಏನು?” ಎಂದಳು. ಆವತ್ತಿನಿಂದ ಅತ್ತೆಯ ಜೀವ ಆ ಹುಡುಗಿಗೆ ಅಂಟಿಕೊಂಡಿತು. ಹೆದರಿಕೆಯೂ ಆವತ್ತಿನಿಂದಲೇ ಶುರುವಾಯಿತು. ಅಡುಗೆ ಮುಗಿದ ಕೂಡಲೇ ಕಸ್ತೂರಿಯ ರೆಟ್ಟೆ ಹಿಡಿದು ಬಿಸಿಲುಕಟ್ಟೆಗೆ ಕರೆದೊಯ್ಯುವಳು. ಬೆನ್ನಿಗೆ ಬಿಸಿಲು ನೇರ ಬೀಳುವ ಹಾಗೆ ತಿರುಗಿಸಿ ಕೂರಿಸುವಳು. ನೆರಳು ಸರಿದರೆ ಅವಳನ್ನೂ ಸರಿಸುವಳು. ಗದಿಗೆವ್ವ ನೋಡಿ, “ಹಪ್ಪಳಾ ಒಣಾ ಹಾಕಿದಂಗ ಹಾಕ್ತಾಳವಾ ಸೊಸೀನ್ನ,” ಎನ್ನುತ್ತಿದ್ದಳು. ಕಸ್ತೂರಿ, “ತಿರುವಿ ಹಾಕೂದು ಮರೀಬ್ಯಾಡ್ರಿ ಅತ್ತೀ,” ಎಂದು ನಗುವಳು. ನನ್ನನ್ನು ಅತ್ತೆ ಹಾಗೆ ಎಂದೂ ಕೂರಿಸಿದವಳಲ್ಲ. ನಾನು ಉಳಿಸುವುದನ್ನು ಕಲಿತವಳು, ನನ್ನ ಚಿಂತೆ ಅವಳಿಗಿರಲಿಲ್ಲ. ನನಗೆ ಹೊಟ್ಟೆಕಿಚ್ಚು ಬರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದು ಬಹಳ ದಿನ ನಿಲ್ಲಲಿಲ್ಲ. ಆ ಹುಡುಗಿ ಊಟಕ್ಕೆ ಕೂತವರ ಮುಖವನ್ನೇ ನೋಡುತ್ತ ನಿಲ್ಲುವ ಪರಿ ಹಾಗಿತ್ತು. ತುತ್ತು ಇಳಿದು ಮುಖ ಅರಳಿದರೆ ಅವಳ ಮುಖವೂ ಅರಳುವುದು.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಜೋರು ಮಳೆಯಲ್ಲ, ಬರೀ ಮೋಡ, ಜಿಟಿಜಿಟಿ. ಬಿಸಿಲುಕಟ್ಟೆಯ ಕಲ್ಲಿನ ಮೇಲೆ ಹಾವಸೆ ಕಟ್ಟಿತು. ನನಗೆ ಹೆರಿಗೆಯಾಗಿ ನಾನು ಒಳಗಿನ ಕೋಣೆಯಲ್ಲಿದ್ದೆ. ಬಾಣಂತಿಯ ಕೈಯಿಂದ ನಮ್ಮಲ್ಲಿ ಒಲೆ ಹತ್ತಿಸುವುದಿಲ್ಲ. ಅವಳ ಬಿಸಿ ಕೂಸಿನದು. ಅತ್ತೆಯ ಅಂಗೈಗೆ ಒಲೆ ಹತ್ತುವುದು ನಿಂತು ಬಹಳ ಕಾಲವಾಗಿತ್ತು. ನಮ್ಮ ಮನೆಯವರು ಕೌದಿಯ ಗಂಟು ಕಟ್ಟಿಕೊಂಡು ಮಾರಲು ಹೋದವರು ಹಳ್ಳ ತುಂಬಿ ಆಚೆಯ ದಂಡೆಯಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಉಳಿದವನು ಫಕೀರಪ್ಪ. ಅವನಿಗೇ ಹೊಟ್ಟೆ ಕೆಟ್ಟಿತು. ಏನು ತಿಂದರೂ ನಿಲ್ಲದು. ಗಂಜಿ ಕೊಟ್ಟರೆ ಅದೂ ಹೊರಗೆ. ಸುಡುಸುಡು ಗಂಜಿ ಕೊಟ್ಟರೆ ಮಾತ್ರ ಒಳಗೆ ಉಳಿಯುತ್ತಿತ್ತು. ಬುಟ್ಟಿಯಲ್ಲಿ ಬೆಂದ ಉಗುರುಬೆಚ್ಚಗಿನ ಗಂಜಿ ಕುಡಿದ ಗಳಿಗೆಯಲ್ಲೇ ವಾಂತಿಯಾಗುತ್ತಿತ್ತು.

ಓಣಿಯವರು ಕೈ ಬಿಟ್ಟರು ಎಂದು ನಾನು ಹೇಳಲಾರೆ. ಅತ್ತೆ ಮನೆಮನೆಗೆ ಹೋಗಿ ಪಾಳಿ ಹಚ್ಚಿ ಬಂದಿದ್ದಳು. ಬೆಳಗಿನ ಗಂಜಿ ಗದಿಗೆವ್ವನದು, ಮಧ್ಯಾಹ್ನದ್ದು ಇನ್ನೊಬ್ಬರದು, ಹೀಗೆ. ಬಿಸಿಲಿಲ್ಲದ ದಿನಗಳಲ್ಲಿ ತಮ್ಮ ಮೈಯಿಂದ ಇಳಿದದ್ದು ತಿರುಗಿ ಬರುವುದಿಲ್ಲವೆಂದು ಗೊತ್ತಿದ್ದೇ ಅವರು ಒಲೆ ಹತ್ತಿಸಿದರು. ಆದರೆ ಗಡಿಗೆ ಓಣಿ ದಾಟಿ, ಮಳೆಯಲ್ಲಿ ಬಂದು, ಬಟ್ಟಲಿಗೆ ಇಳಿಯುವಷ್ಟರಲ್ಲಿ ಹಬೆ ಹೋಗಿರುತ್ತಿತ್ತು. ಕಸ್ತೂರಿ ಅದನ್ನು ನಮ್ಮಿಬ್ಬರಿಗೆ ಬಡಿಸಿ, ಗಂಡನಿಗೆಂದು ತಾನು ಬೇರೆ ಒಲೆ ಹತ್ತಿಸುತ್ತಿದ್ದಳು. ನಾನು ಒಳಗಿನ ಕೋಣೆಯಲ್ಲಿದ್ದವಳು ಕಣ್ಣಿನಿಂದ ನೋಡಲಿಲ್ಲ, ಗೋಡೆಯ ಈಚೆಯಿಂದ ಕೇಳುತ್ತಿದ್ದೆ. ಸೌದೆ ಚಟಗುಟ್ಟುವುದು, ಗಡಿಗೆಯಲ್ಲಿ ಗಂಜಿ ಗುಳುಗುಳು ಎನ್ನುವುದು. ಆ ಸದ್ದು ನಮ್ಮೂರಿನಲ್ಲಿ ಅಷ್ಟು ಹೊತ್ತು ಕೇಳುವ ಸದ್ದೇ ಅಲ್ಲ. “ಕಸ್ತೂರೀ, ಸಾಕು, ಉರಿ ಎಳಿ,” ಎಂದು ನಾನು ಕೂಗಿದರೆ, “ಆತಕ್ಕಾ, ಆತು, ಎಳದೆ,” ಎನ್ನುವಳು. ಗುಳುಗುಳು ನಿಲ್ಲುತ್ತಿರಲಿಲ್ಲ. ಒಮ್ಮೆ ಅತ್ತೆ ಬಂದು ಅವಳನ್ನು ಒಲೆಯಿಂದ ಎಬ್ಬಿಸಲು ನೋಡಿದಳು. “ನಿನಗ ತಿಳಿಯೂದಿಲ್ಲವ್ವಾ, ಇದು ನಿಮ್ಮಪ್ಪನ ಆವಿಗಿ ಅಲ್ಲ. ಬಿಸಿಲು ಬಿದ್ದಮ್ಯಾಲ ಮಾಡುವಂತಿ,” ಎಂದು ಗದರಿದ್ದು ನನಗೆ ಕೇಳಿಸಿತು. “ಬಿಸಿಲು ಬೀಳೂತನಕ ನಿಮ್ಮ ಮಗ ಇರಬೇಕಲ್ರೀ ಅತ್ತೀ,” ಎಂದಳು ಕಸ್ತೂರಿ. ಮಗನ ಹೆಸರು ಬಂದ ಮೇಲೆ ಯಾವ ತಾಯಿ ಏನು ಮಾತಾಡುತ್ತಾಳೆ?

ಫಕೀರಪ್ಪ ಉಳಿದ. ಒಂದು ಬೆಳಿಗ್ಗೆ ಎದ್ದು ಗೋಡೆ ಹಿಡಿದು ಹಿತ್ತಲಿಗೆ ಹೋಗಿಬಂದ. ಅದೇ ದಿನ ಕಸ್ತೂರಿ ಒಲೆಯ ಬಾಯಿಗೆ ಅಂಗೈ ಹಿಡಿದಳು, ಒಲೆ ಹತ್ತಲಿಲ್ಲ. ಮುದುಕಿಯರಿಗಷ್ಟೇ ಆಗುವಂಥದ್ದು. ಅವಳು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತು, “ಅಕ್ಕಾ, ಇವತ್ತು ಯಾಕೋ ಹತ್ತವಲ್ದು,” ಎಂದಳು. ತುಟಿ ನೀಲಿಯಾಗಿತ್ತು. ಕೂಸನ್ನು ನೋಡಬೇಕೆಂದು ಕೈ ಚಾಚಿದವಳು, ತಾನೇ ಏನೋ ನೆನೆದುಕೊಂಡು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಗದಿಗೆವ್ವ ತನ್ನ ಮನೆಯಲ್ಲಿ ಒಲೆ ಹತ್ತಿಸಿ ಅವಳನ್ನು ಅದರ ಮುಂದೆ ಕೂರಿಸಿಕೊಂಡಳು. ಮುಖ ಕೆಂಪಗಾಯಿತು, ಒಳಗಿನ ನಡುಕ ಹೋಗಲಿಲ್ಲ. ಬಿಸಿನೀರು ಕುಡಿಸಿದರು. ಗಂಡ ಎದೆಗವಚಿಕೊಂಡು ಕುಳಿತ. ಯಾವುದೂ ಒಳಗೆ ಇಳಿಯಲಿಲ್ಲ. ಇಳಿಯುವುದು ಬಿಸಿಲೊಂದೇ, ಅದು ಎಲ್ಲಿಯೂ ಇರಲಿಲ್ಲ. ಅತ್ತೆ ಅಂಗಳಕ್ಕೆ ಹೋಗಿ ಮೋಡ ನೋಡುವಳು, ಒಳಗೆ ಬಂದು ಸೊಸೆಯ ಪಾದ ಮುಟ್ಟಿ ನೋಡುವಳು. ಹಾಗೆ ಹೋಗುತ್ತ ಬರುತ್ತ ಇದ್ದವಳು ಒಮ್ಮೆ ಅಡುಗೆಮನೆಯ ನಡುವೆ, ಅನ್ನದ ಬುಟ್ಟಿಯ ಎದುರು ನಿಂತುಬಿಟ್ಟಳು. ಆಮೇಲೆ ಓಣಿಯ ಮದುವೆ ಬುಟ್ಟಿಯನ್ನು ತರಿಸಿದಳು.

ಮದುವೆ ಬುಟ್ಟಿ ಎಂದರೆ ಇಡೀ ಬೀಗರ ಊಟದ ಅನ್ನದ ಹಂಡೆ ಕೂಡುವಷ್ಟು ದೊಡ್ಡದು. ಒಬ್ಬ ಹುಡುಗಿ ಕಾಲು ಮಡಚಿ ಮಲಗಿದರೆ ಸಾಕಷ್ಟು ಜಾಗ. ಅತ್ತೆ ಒಣ ಹುಲ್ಲನ್ನು ಕೈಯಾರೆ ಕೊಡವಿ ತುಂಬಿದಳು, ತಳಕ್ಕೆ ಹತ್ತಿ ಹಾಸಿದಳು. ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊರಗೆ ತೆಗೆದಳು, ತನ್ನ ಮದುವೆಯದನ್ನೂ. “ಇನ್ನಾ ಒಂದೀಟು ಬಿಸಿ ಒಳಗ ಇದ್ದಽ ಇರತೈತಿ. ಅದು ಹೊರಗ ಹಾರದಂಗ ಹೊಚ್ಚಿದ್ರ, ತನ್ನಷ್ಟಕ್ಕ ತಾ ಬೆಳೀತೈತಿ,” ಎಂದಳು. ಅಲ್ಲಿದ್ದ ಯಾರಿಗೂ ಅದು ತಪ್ಪು ಎನಿಸಲಿಲ್ಲ. ಅತ್ತೆ ಹೊಚ್ಚಿಟ್ಟದ್ದು ಎಂದೂ ಹಸಿ ಉಳಿದಿರಲಿಲ್ಲ. ಕಸ್ತೂರಿಯನ್ನು ಎತ್ತಿ ಹುಲ್ಲಿನಲ್ಲಿ ಮಲಗಿಸಿ, ಸುತ್ತಲೂ ಸಂದು ಬಿಡದೆ ಹುಲ್ಲು ಒತ್ತಿದರು. ಅವಳು ನಗಲು ನೋಡಿದಳು. “ಅತ್ತೀ, ಬೆಂದಮ್ಯಾಲ ಉಪ್ಪು ನೋಡ್ರಿ ಮತ್ತ,” ಎಂದಳು. ಅತ್ತೆ, “ನೋಡ್ತೇನಿ, ಸುಮ್ನ ಮಲಕ್ಕೋ ನನ ಕೂಸ,” ಎನ್ನುತ್ತ, ಉಸಿರಾಡಲು ಒಂದು ಕಿಂಡಿ ಬಿಟ್ಟು, ಕೌದಿಯ ಮೇಲೆ ಕೌದಿ ಹೊಚ್ಚಿದಳು.

ಆ ದಿನ ಹಾಗೆಯೇ ಕಳೆಯಿತು. ಮರುದಿನ ಹೊತ್ತು ಏರುವಾಗ ಮೋಡ ಒಡೆಯಿತು. ನನ್ನ ಕೋಣೆಯ ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಕೂಸಿನ ಹೊದಿಕೆಯ ಮೇಲೆ ಬಿತ್ತು. ಹೊರಗೆ ಓಣಿಯೆಲ್ಲ ಬಾಗಿಲು ತೆರೆಯುವ ಸದ್ದು, ಮುದುಕಿಯರನ್ನು ಕಟ್ಟೆಗೆ ಕರೆದೊಯ್ಯುವ ಸದ್ದು. ಗದಿಗೆವ್ವ ಓಡಿ ಬಂದಳು. “ತುಂಗಕ್ಕಾ, ಬಿಸಿಲು ಬಿದ್ದೈತಿ. ಕಟ್ಟಿ ಮ್ಯಾಲ ಜಾಗಾ ಹಿಡದು ಬಂದೇನಿ. ಹುಡುಗೀನ್ನ ಹೊರಗ ತರೂಣು ನಡಿ.”

ಅತ್ತೆ ಬುಟ್ಟಿಯ ಹತ್ತಿರವೇ ಕುಳಿತಿದ್ದಳು. “ಈಗ ತೆಗದ್ರ ಇಷ್ಟೊತ್ತು ಕೂಡಿದ್ದೆಲ್ಲ ಹಾರಿ ಹೋಗತೈತಿ,” ಎಂದಳು. “ಕಟ್ಟಿ ಮುಟ್ಟೂದ್ರಾಗ ಗಾಳಿ ಹತ್ತತೈತಿ. ಹದಾ ಬರೂ ಹೊತ್ತಿನ್ಯಾಗ ತೆಗದು ಕೆಡಸೂದು ಬ್ಯಾಡ. ಸಂಜೀಮಟ ತಡಿ.” ಫಕೀರಪ್ಪ ಗೋಡೆಗೆ ಒರಗಿ ನಿಂತಿದ್ದ. “ಯವ್ವಾ, ಒಮ್ಮೆ ನೋಡೂಣು. ಬರೇ ನೋಡೂದು,” ಎಂದ. “ನೋಡೂದಂದ್ರ ತೆಗೆಯೂದು ಅಲ್ಲೇನೋ ತಮ್ಮಾ,” ಎಂದಳು ಅತ್ತೆ. ಆಗ ಬುಟ್ಟಿಯೊಳಗಿನಿಂದ ಕಸ್ತೂರಿಯ ದನಿ ಬಂತು. ಸಣ್ಣಗಿತ್ತು, ಆದರೆ ನನಗೂ ಕೇಳಿಸಿತು. “ಅತ್ತೀ, ಬಿಸಿಲು ಬಂತೇನ್ರಿ?” ಅತ್ತೆ ಕಿಂಡಿಗೆ ಬಾಯಿ ಇಟ್ಟು ಹೇಳಿದಳು: “ಬಂದೈತವ್ವಾ. ಎಲ್ಲೂ ಹೋಗೂದಿಲ್ಲ ಅದು, ನಾಳೀನೂ ಇರತೈತಿ. ನೀ ಮಾತಾಡಬ್ಯಾಡ, ಬಾಯಿಂದ ಬಿಸಿ ಹೋಗತೈತಿ.” ಕಸ್ತೂರಿ, “ಹೂನ್ರಿ,” ಎಂದಳು. ಆ ಹುಡುಗಿ ಬಂದಂದಿನಿಂದ ಹೇಳಿದ್ದನ್ನು ಕೇಳಿ ಸುಮ್ಮನಿದ್ದದ್ದು ಅದೊಂದೇ ಸಲ.

ಗದಿಗೆವ್ವ ಕಟ್ಟೆಯ ಮೇಲೆ ಹಿಡಿದಿದ್ದ ಜಾಗದಲ್ಲಿ ಬೇರೆ ಯಾರೂ ಕೂಡಲಿಲ್ಲವಂತೆ. ಇಡೀ ಮಧ್ಯಾಹ್ನ ಆ ಕಲ್ಲು ಬರಿದೇ ಕಾಯಿತಂತೆ. ಬಿಸಿಲು ನನ್ನ ಕೋಣೆಯಲ್ಲಿ ಕೂಸಿನ ಹೊದಿಕೆಯಿಂದ ಇಳಿದು, ನೆಲದ ಮೇಲೆ ನಡೆದು, ಗೋಡೆ ಹತ್ತಿತು. ಅಂಗಳದಿಂದ ಅದು ಪೂರ್ತಿ ಸರಿಯುವ ಮೊದಲೇ ಅತ್ತೆ ಎದ್ದಳು. ಯಾವಾಗಲೂ ಮಾಡುವ ಹಾಗೆ ಕೌದಿಯ ಕೆಳಗೆ ಹುಲ್ಲಿನೊಳಕ್ಕೆ ಎರಡು ಬೆರಳು ತೂರಿಸಿದಳು. ಆಮೇಲೆ ಇಡೀ ಕೈಯನ್ನು ತೂರಿಸಿದಳು. ಆಮೇಲೆ ಕೌದಿಗಳನ್ನು ಒಂದೊಂದಾಗಿ ಅಲ್ಲ, ಒಟ್ಟಿಗೇ ಕಿತ್ತು ಎಸೆದಳು. ಫಕೀರಪ್ಪನ ಕೂಗಿಗೆ ನಾನು ಬಾಣಂತಿ ಎಂಬುದನ್ನೂ ಮರೆತು ಹೊರಗೆ ಬಂದೆ. ಹುಲ್ಲು ಬಾವಿಯ ಒಳಗೋಡೆಯಷ್ಟು ತಣ್ಣಗಿತ್ತು. ಕಸ್ತೂರಿ ಅದರ ನಡುವೆ, ಇಟ್ಟದ್ದು ಇಟ್ಟ ಹಾಗೆ ಇದ್ದಳು. ಅವಳನ್ನು ಎತ್ತಿಕೊಂಡು ಕಟ್ಟೆಯ ತನಕ ಓಡಿದರು. ಕೊನೆಯ ಬಿಸಿಲು ಇತ್ತು, ಮೈಮೇಲೆ ಬಿತ್ತು. ತೆಗೆದುಕೊಳ್ಳುವವರು ಅಲ್ಲಿರಲಿಲ್ಲ.

ಅತ್ತೆ ಕಟ್ಟೆಗೆ ಹೋಗಲಿಲ್ಲ. ಬರಿದಾದ ಬುಟ್ಟಿಯ ಮುಂದೆ ಕುಳಿತು, ಹುಲ್ಲಿನಲ್ಲಿ ಕೈಯಾಡಿಸುತ್ತ, ನನ್ನನ್ನು ಕೇಳಿದಳು: “ಬಾಳವ್ವಾ, ಬ್ಯಾಸಿಗ್ಯಾಗ ನೀರಿನ ಕೊಡಾ ತಣ್ಣಗಿರ್ಲಿ ಅಂತ ಯಾವುದ್ರಾಗ ಇಡ್ತೇವು?” ಇದೇ ಹುಲ್ಲಿನಲ್ಲಿ ಇಡುತ್ತೇವೆ. ಇದೇ ಕೌದಿ ಹೊಚ್ಚುತ್ತೇವೆ, ಹೊರಗಿನ ಬಿಸಿ ಒಳಗೆ ಹೋಗದಿರಲಿ ಎಂದು. ಇಡೀ ಓಣಿಗೆ ಗೊತ್ತಿದ್ದ ಮಾತು. ಪ್ರತಿ ಬೇಸಿಗೆ ನಾವೇ ಕೈಯಾರೆ ಮಾಡುವ ಕೆಲಸ. ಆ ಎರಡು ದಿನ ಒಬ್ಬರಿಗೂ ನೆನಪಾಗಲಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳಿದೆವು. ಹಳ್ಳ ಇಳಿದ ಮೇಲೆ ನಮ್ಮ ಮನೆಯವರು ಬಂದರು, ಅವರ ಹಿಂದೆಯೇ ನೀಲಪ್ಪ. ಬಂಡಿಯಿಲ್ಲದೆ ಅವನು ನಮ್ಮೂರಿಗೆ ಬಂದದ್ದು ಅದೇ ಮೊದಲು. ಮಣ್ಣು ಮಾಡಿದ ಜಾಗಕ್ಕೆ ಹೋಗಿ ಬಂದು, ನಮ್ಮ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತ. ಬೆರಳ ಸಂದಿಯಲ್ಲಿ ಇನ್ನೂ ಕೆಸರು ಮಣ್ಣು ಒಣಗಿತ್ತು, ಕೆಲಸದ ನಡುವೆ ಎದ್ದು ಬಂದವನ ಹಾಗೆ. ಏನಾಯಿತು ಎಂದು ಯಾರನ್ನೂ ಕೇಳಲಿಲ್ಲ. ಅತ್ತೆಯೇ ಹೇಳಿದಳು. ಅವನೆದುರು ಸ್ವಲ್ಪ ದೂರದಲ್ಲಿ ಕಾಲು ಚಾಚಿ ಕುಳಿತು, ಅಳದೆ, ಮೊದಲಿನಿಂದ ಹೇಳಿದಳು. ಗಂಜಿಯ ಮಾತು, ಒಲೆ ಹತ್ತದೆ ಹೋದ ಮಾತು.

ನೀಲಪ್ಪ ತಲೆಯಾಡಿಸುತ್ತ ಕೇಳಿದ. “ತಂಡಿ ಹಿಡದಿತ್ತು ಅನ್ರಿ,” ಎಂದ. “ಕಾಲಮಾನ ಹಂಗ ಇತ್ತು. ನಮ್ಮ ಕಡೆನೂ ಬಾಳ ಮಂದಿಗೆ ಹಿಡದಿತ್ತು.”

“ತಂಡಿ ಅಲ್ರಿ ಬೀಗರ,” ಎಂದಳು ಅತ್ತೆ. “ಬಿಸಿಲು ಬಂದಿತ್ತು. ಅಕಿ ಕೇಳಿದ್ಲು, ಬಿಸಿಲು ಬಂತೇನಂತ. ನಾ ತೆಗೀಲಿಲ್ಲ. ಹುಲ್ಲು ತುಂಬಿ, ಮನ್ಯಾಗಿನ ಕೌದಿ ಎಲ್ಲಾ ಹೊಚ್ಚಿ, ಬಿಸಿಲು ಮುಟ್ಟದಂಗ ಇಟ್ಟೆ. ನಿಮ್ಮ ಮಗಳ ಜೀವಾ ಹೋಗಿದ್ದು ನನ್ನ ಕೈಯಿಂದ.”

ನೀಲಪ್ಪ ಆಗ ಮೊದಲ ಸಲ ಅವಳ ಮುಖ ನೋಡಿದ. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗುವುದಾದರೂ ಹೇಗೆ? ಅವನು ಜೀವಮಾನವೆಲ್ಲ ಬೆಂಕಿಯ ಮುಂದೆ ಬದುಕಿದವನು. ಅವನ ಊರಿನಲ್ಲಿ ನಡುಗುವವರಿಗೆ ಹೊಚ್ಚುತ್ತಾರೆ, ಹೊಚ್ಚಿದರೆ ಬೆಚ್ಚಗಾಗುತ್ತದೆ. “ಹಂಗ ಅನಬಾರ್ದವಾ ಯವ್ವಾ,” ಎಂದ. ಬೀಗತಿಯನ್ನು ಅವ್ವ ಎಂದು ಕರೆಯುವ ಪದ್ಧತಿ ಇಲ್ಲ, ಆದರೂ ಕರೆದ. “ದುಃಖದಾಗ ಹಿಂಗ ಅನಿಸತೈತಿ. ಮನ್ಯಾಗಿದ್ದ ಕೌದಿ ಎಲ್ಲಾ ಹೊಚ್ಚೀನಿ ಅಂತೀರಿ. ಅಕಿ ಹುಟ್ಟಿದಾಗ ತಾಯಿ ಹ್ವಾದ್ಲು. ನಾ ಗಂಡಸು, ಮಣ್ಣಿನ ಕೈ. ತಂಡ್ಯಾಗ ಆವಿಗಿ ಮಗ್ಗಲಕ ಎಳದು ಮಲಗಸ್ತಿದ್ದೆ, ಅಷ್ಟಽ. ನನ ಮಗಳಿಗೆ ಒಬ್ರು ಕೂತು ಹೊಚ್ಚಿದ್ದು ನಿಮ್ಮ ಮನ್ಯಾಗಽ ಮೊದಲು.”

ಅತ್ತೆ ಮತ್ತೆ ಬಾಯಿ ತೆರೆದಳು. ಮತ್ತೊಮ್ಮೆ ಹೇಳಬೇಕೆಂದು ತುಟಿ ಅಲುಗಿದ್ದನ್ನು ನಾನು ನೋಡಿದೆ. ಫಕೀರಪ್ಪ ಬಾಗಿಲಲ್ಲಿ ನಿಂತಿದ್ದವನು ಅವಳನ್ನು ನೋಡಿ ತಲೆ ತಗ್ಗಿಸಿದ. ಅವಳು ಮಾತನ್ನು ಒಳಗೇ ನುಂಗಿದಳು. ಹೇಳಿ ತನ್ನ ಭಾರ ಇಳಿಸಿಕೊಳ್ಳಬಹುದಿತ್ತು. ಇಳಿಸಿದ್ದನ್ನು ಹೊರಬೇಕಾದವನು ಎದುರು ಕುಳಿತಿದ್ದ ಆ ಅಪ್ಪ. ಹಾಗೆ ಅವಳಿಗೆ ಅನಿಸಿರಬೇಕು.

ನೀಲಪ್ಪ ಹೊರಡಲು ಎದ್ದ. ಉಣ್ಣಿರಿ ಎಂದೆ; ಒಲ್ಲೆ ಎಂದ. ಬಾಗಿಲ ತನಕ ಹೋದವನು ತಿರುಗಿ ಬಂದು, ಅತ್ತೆಯ ಪಾದ ಮುಟ್ಟಲು ಬಗ್ಗಿದ. ಅತ್ತೆ ಎರಡೂ ಕಾಲುಗಳನ್ನು ಸರ್ರನೆ ಸೀರೆಯೊಳಗೆ ಎಳೆದುಕೊಂಡಳು. ಅವನು ಹಾಗೆಯೇ ಬಗ್ಗಿ, ಅವಳ ಕಾಲು ಇದ್ದ ನೆಲವನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡು ಹೋದ.